ಸುಮಕ್ಕನ ಹೊಸ ಕೆನ್ನೆ

ಕಳೆದ ರವಿವಾರ ಮೂಡಲಗಿಯ ಒಂದು ನಿಶ್ಚಿತಾರ್ಥದಲ್ಲಿ ಹುಡುಗಿ ಎಲ್ಲ ಹೆಂಗಸರನ್ನೂ ಬಿಟ್ಟು ಮೊದಲು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಹಿರಿಯಳೆಂದು. ತುಂಬು ಮನಸ್ಸಿನಿಂದ ಹರಸಬೇಕಿತ್ತಲ್ಲವೇ? ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕೆನ್ನೆಯನ್ನೇ ನೋಡುತ್ತಿದ್ದೆ.

ಆ ಕೆನ್ನೆ ನಮ್ಮ ಸುಮಕ್ಕನದು. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಇರುವುದು ಹುಕ್ಕೇರಿಯಲ್ಲಿ. ನನಗಿಂತ ಏಳು ವರ್ಷ ದೊಡ್ಡವರು. ಏಳು! ಆ ರವಿವಾರ ಈ ಲೆಕ್ಕ ತಲೆಯಲ್ಲಿದ್ದದ್ದು ನನಗೊಬ್ಬಳಿಗೇ.

ಇದು ಸುರುವಾದದ್ದು ಚಳಿಗಾಲದಲ್ಲಿ. ಸುಮಕ್ಕ ಪುಣೆಯಲ್ಲಿರುವ ಮಗಳ ಮನೆಗೆ ಹೋದರು. ಹೋದವರು ಬೇಗ ಬರಲೇ ಇಲ್ಲ. ಕೊನೆಗೆ ಭಾವನವರ ಫೋನ್ ಬಂತು. "ಗೀತಾ, ನಿಮ್ಮಕ್ಕಗ ಕಣ್ಣಿನ ಆಪರೇಷನ್ ಆಗೇತಿ. ನಿನ್ನೆ ಮನಿಗೆ ಕರಕೊಂಡ ಬಂದೇನಿ."

ನಮ್ಮ ಕಡೆ ಆಪರೇಷನ್ ಅಂದ ಮೇಲೆ ಮಾತಾಡಿಸಿ ಬರಲೇಬೇಕು. ಹೋಗದಿದ್ದರೆ ರೋಗಿ ಗುಣವಾದರೂ ಸಂಬಂಧ ಗುಣವಾಗುವುದಿಲ್ಲ. ನಾನೂ ನಮ್ಮವರೂ ಬಿಸ್ಕಿಟ್ ಪುಡಾ, ಮೋಸಂಬಿ ಕಟ್ಟಿಕೊಂಡು ಗೋಕಾಕದಿಂದ ಹೊರಟೆವು.

ಹೋಗಿ ನೋಡಿದರೆ ಪಡಸಾಲೆಯಲ್ಲಿ ಅರ್ಧ ಓಣಿ ಕುಳಿತಿದೆ. ಟೀಪಾಯಿ ಮೇಲೆ ಬಾಳೆಹಣ್ಣಿನ ಗುಡ್ಡ. ಸೋಫಾದ ನಡುವೆ ಸುಮಕ್ಕ, ಅರ್ಧ ಮುಖ ಮುಚ್ಚುವಂಥ ಕಪ್ಪು ಗಾಗಲ್ ಹಾಕಿಕೊಂಡು.

"ಎರಡೂ ಕಣ್ಣಿಗಿ ಒಮ್ಮೆಲೆ ಪೊರಿ ಬಂತೇನ್ರಿ ಅಕ್ಕಾರ?" ಎಂದು ಪಕ್ಕದ ಮನೆಯ ಫಾತಿಮಾಬಿ ಮರುಗಿದರು. "ನಮ್ಮ ಮನ್ಯಾಗ ಒಂದ ವರ್ಷ ಬಿಟ್ಟು ಇನ್ನೊಂದಕ್ಕ ಬಂದಿತ್ತು."

"ಬಂದಬಿಡ್ತು ನೋಡ್ರಿ" ಎಂದರು ಸುಮಕ್ಕ, ದನಿ ತೆಳ್ಳಗೆ ಮಾಡಿ.

ನನಗೆ ಅನುಮಾನ ಬಂದದ್ದು ಚೂಡಾದಿಂದ. (ಸಣ್ಣ ಸಣ್ಣದೆಲ್ಲ ಕಣ್ಣಿಗೆ ಬೀಳುವುದು ನನ್ನ ಹುಟ್ಟುರೋಗ.) ಚೂಡಾ ಎಂದರೆ ಜೀವ ಬಿಡುವ ಸುಮಕ್ಕ ಅಂದು ಒಂದೊಂದೇ ಅವಲಕ್ಕಿಯನ್ನು ತುಟಿಯಂಚಿನಲ್ಲಿ ಇಟ್ಟುಕೊಂಡು ನೆನೆಸಿ ನುಂಗುತ್ತಿದ್ದರು. ಕಣ್ಣಿನ ಪೊರೆ ತೆಗೆದರೆ ಅಗಿಯಲು ಏನು ಕಷ್ಟ? ಗಾಗಲ್ಲಿನ ಕೆಳಗಂಚಿನಿಂದ ಕೆನ್ನೆಯ ಮೇಲೆ ಹಳದಿ ಹಸಿರು ಇಳಿದಿತ್ತು. ಅದು ಯಾವ ಪೊರೆ?

ಜನ ಕರಗಿದ ಮೇಲೆ ಸುಮಕ್ಕ ನನ್ನನ್ನು ಬೆಡ್‌ರೂಮಿಗೆ ಕರೆದೊಯ್ದು, ಚಿಲಕ ಹಾಕಿ, ಗಾಗಲ್ ತೆಗೆದರು.

"ಯಾರ ಮುಂದೂ ಅನಬ್ಯಾಡ. ಕಣ್ಣ ಬುಡಕಿನ ಚೀಲ ತಗಸೇನಿ."

ಕಣ್ಣಿನ ಕೆಳಗೆ ಬದನೆಕಾಯಿ ಬಣ್ಣ. ಅದರ ಕೆಳಗೆ ಅರಿಶಿನ. ಆದರೆ ಎಲೆಯಡಿಕೆಯ ಚಂಚಿಯಂತೆ ಜೋತುಬಿದ್ದಿದ್ದ ಆ ಎರಡು ಪುಟ್ಟ ಚೀಲ? ಇಲ್ಲ. ಇರಲೇ ಇಲ್ಲ!

"ರೆಪ್ಪಿ ಒಳಗಿನಿಂದನ ಕೊಯ್ದು ಉಬ್ಬಿದ ಕೊಬ್ಬು ತಗದಾರ. ಹೊರಗ ಗಾಯಾನ ಇಲ್ಲ ನೋಡ. ಗಲ್ಲ ತಗ್ಗ ಬಿದ್ದಿದ್ವಲ್ಲ, ಅದಕ್ಕ ಹೊಟ್ಟ್ಯಾಗಿನ ಕೊಬ್ಬು ತಗದು ಸೂಜಿಲೆ ತುಂಬ್ಯಾರ."

"ಯಾರ ಹೊಟ್ಟಿದ್ರಿ?"

"ನಂದ! ಮತ್ತ ಯಾರ್ದು ತರ್ತಾರ?"

(ಹೊಟ್ಟೆ ಇಳಿಯುವುದು, ಕೆನ್ನೆ ತುಂಬುವುದು, ಎರಡೂ ಒಂದೇ ಖರ್ಚಿನಲ್ಲಿ! ನನ್ನ ಹೊಟ್ಟೆಯಲ್ಲಿ ನಮ್ಮಿಬ್ಬರಿಗೂ ಸಾಲುವಷ್ಟು ಸ್ಟಾಕ್ ಇತ್ತು. ಯಾರೂ ಕೇಳಲಿಲ್ಲ.)

"ಯಾಕ್ರಿ ಅಕ್ಕಾರ, ಇಷ್ಟೆಲ್ಲಾ?" ಎಂದೆ.

ಅವರು ಕನ್ನಡಿಯ ಕಡೆ ನೋಡಿದರು. "ಎಲ್ಲಿ ಹೋದ್ರೂ ಒಂದ ಪ್ರಶ್ನಿ ಗೀತಾ. ಆರಾಮ ಇಲ್ಲೇನ್ರಿ? ನಿದ್ದಿ ಆಗಿಲ್ಲೇನ್ರಿ? ಮನ್ಯಾಗ ಏನರ ಆಗೇತೇನ್ರಿ? ನಿದ್ದಿ ಮಾಡಿ ಮಾಡಿ ಸಾಕಾತವಾ. ಎದ್ದಕೂಡ್ಲೆ ಮತ್ತ ಅದ ಮಾರಿ."

ಪಾಪ ಅನ್ನಿಸಿತು. ಖಂಡಿತ ಅನ್ನಿಸಿತು. ಆ ಬದನೆಕಾಯಿ ಬಣ್ಣ ಇಳಿಯುವವರೆಗೂ ಅನ್ನಿಸುತ್ತಲೇ ಇತ್ತು.

ಆಮೇಲೆ ಒಂದು ದಿನ ಫ್ಯಾಮಿಲಿ ಗ್ರೂಪಿನಲ್ಲಿ ಅವರದೊಂದು ಫೋಟೋ ಬಂತು. ಗಾಗಲ್ ಇಲ್ಲ. ಹಸಿರು ಇಳಕಲ್ ಸೀರೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಇನ್ನೂ ಹಿಗ್ಗಿಸಿದೆ. ಕಣ್ಣಿನ ಕೆಳಗಿನಿಂದ ಕೆನ್ನೆಯವರೆಗೆ ಎಲ್ಲೂ ತಗ್ಗು ದಿನ್ನೆ ಇಲ್ಲ. ನುಣ್ಣಗೆ ಇಸ್ತ್ರಿ ಮಾಡಿದ ಹಾಗೆ. ನಕ್ಕಾಗ ಕಣ್ಣಿನ ತುದಿಯಲ್ಲಿ ಬೀಳುವ ಗೆರೆಗಳನ್ನು ಮಾತ್ರ ಡಾಕ್ಟರು ಹಾಗೇ ಬಿಟ್ಟಿದ್ದರು. ಅದೂ ಚೆಂದವೇ ಕಾಣಬೇಕೇ?

ದೋಷ ಹುಡುಕಿದೆ. ಸುಳ್ಳೇಕೆ ಹೇಳಲಿ, ಅರ್ಧ ಗಂಟೆ ಹುಡುಕಿದೆ. ಸಿಕ್ಕಿದ್ದು ಕುತ್ತಿಗೆ. ಗೋಕಾಕದಿಂದ ಮೂಡಲಗಿ ಬೇರೆಯಾದ ಹಾಗೆ ಅವರ ಮುಖ ಹೊಸ ತಾಲೂಕಾಗಿತ್ತು, ಕುತ್ತಿಗೆ ಇನ್ನೂ ಹಳೆಯದರಲ್ಲೇ ಉಳಿದಿತ್ತು. ಆ ರಾತ್ರಿ ಸುಖವಾಗಿ ಮಲಗಿದೆ.

ಬೆಳಿಗ್ಗೆ ಮನೆ ಮುಂದೆ ಕೊತ್ತಂಬರಿ ಮಾರುವವಳು ಕಟ್ಟು ಕೊಡುತ್ತ ಕೇಳಿದಳು: "ಯಾಕ್ರಿ ಬಾಯಾರ, ರಾತ್ರಿ ನಿದ್ದಿ ಆಗಿಲ್ಲೇನ?"

ಅಂದಿನಿಂದ ನಮ್ಮ ಮನೆಯ ಫ್ರೀಜರಿನಲ್ಲಿ ನಾಲ್ಕು ಚಮಚೆ ವಾಸವಾಗಿದ್ದವು. ತಣ್ಣನೆಯ ಚಮಚೆಯನ್ನು ಕಣ್ಣ ಕೆಳಗೆ ಒತ್ತಿಕೊಂಡರೆ ಚೀಲ ಕುಗ್ಗುತ್ತದೆ ಎಂದು ಮೊಬೈಲು ಹೇಳಿತ್ತು. ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡೆ. ಸೌತೆಕಾಯಿ ಇಟ್ಟುಕೊಂಡೆ. "ಕೋಸಂಬರಿಗೆ ಒಗ್ಗರಣಿ ಯಾವಾಗ ಹಾಕತಿ?" ಎಂದು ನಮ್ಮವರು ಕೇಳಿದರು. ಅವರ ಕಣ್ಣ ಕೆಳಗೂ ಚೀಲ ಇದೆ. ಭಾವನವರಿಗಂತೂ ಜೋಡಿ ಜೋಳಿಗೆಯೇ ಇದೆ. ಆದರೆ ಗಂಡಸರ ಮುಖದ ಮೇಲೆ ಅದಕ್ಕೆ ಗಾಂಭೀರ್ಯ ಅನ್ನುತ್ತಾರೆ. ನಮ್ಮ ಮುಖದ ಮೇಲೆ ಮಾತ್ರ ಅದು ಯಾಕೆ ಕಾಯಿಲೆ?

ನಾನು ಓದಿದ ಕಾನ್ವೆಂಟಿನ ಬಾತ್‌ರೂಮಿನಲ್ಲಿ ಕನ್ನಡಿಯೇ ಇರಲಿಲ್ಲ. ಬೈತಲೆ ಸೊಟ್ಟಗಾಗಿದೆಯೋ ಎಂದು ಗೆಳತಿಯನ್ನೇ ಕೇಳಬೇಕಿತ್ತು. ಅಸೂಯೆ ಪಾಪ ಎಂದು ಸಿಸ್ಟರುಗಳು ಹೇಳಿದ್ದು ಚೆನ್ನಾಗಿ ನೆನಪಿದೆ. ಆದರೆ ಅವರಾರಿಗೂ ನೆಗೆಣ್ಣಿ ಇರಲಿಲ್ಲವಲ್ಲ!

ಹೀಗಿರುವಾಗಲೇ ಮೂಡಲಗಿಯ ಕಾರ್ಯಕ್ರಮ ಬಂತು. ನಮ್ಮ ನಾದಿನಿ ಕಮಲಾಳ ಮಗನಿಗೆ ಅಲ್ಲಿಯ ಹುಡುಗಿ ಗೊತ್ತಾಗಿದ್ದಳು. ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಹುಡುಗಿಯ ಉಡಿ ತುಂಬಬೇಕು. ಅಕ್ಕಿ, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಕೊಬ್ಬರಿ ಬಟ್ಟಲನ್ನು ಅವಳ ಸೆರಗಿಗೆ ಹಾಕುವುದು. ನಮ್ಮ ಮನೆತನದಲ್ಲಿ ಹುಡುಗನ ತಾಯಿಯ ತವರಿನ ಹಿರಿಯ ಸೊಸೆ ಮೊದಲು ತುಂಬಬೇಕು. ಹುಡುಗಿ ಮೊದಲು ಕಾಲು ಮುಟ್ಟುವುದೂ ಅವಳದನ್ನೇ. ಆ ಹಿರಿಯ ಸೊಸೆ ಸುಮಕ್ಕ. ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುವ ಕಿರಿಯ ಸೊಸೆ ನಾನು.

ಈ ಮೊದಲ ಜಾಗವೆಂದರೆ ಸುಮಕ್ಕನಿಗೆ ಪ್ರಾಣ. ಒಮ್ಮೆ ಬೆಲ್ಲದ ಬಾಗೇವಾಡಿಯಲ್ಲಿ ಯಾರದೋ ಬಸುರಿಯ ಕುಬಸದಲ್ಲಿ ಬೇರೆಯವರು ಮೊದಲು ಉಡಿ ತುಂಬಿಬಿಟ್ಟರೆಂದು ಊಟ ಮಾಡದೆ ಎದ್ದು ಬಂದಿದ್ದರು. ಹಸಿದ ನಾನೂ ಅವರ ಹಿಂದೆ ಎದ್ದು ಬಂದಿದ್ದೆ. ಅಲ್ಲಿ ಹೋಳಿಗೆ ಇತ್ತು.

ರವಿವಾರ ಹುಡುಗಿಯ ಮನೆಯಲ್ಲಿ ಯಜಮಾನಿಕೆಯೆಲ್ಲ ಅವಳ ಅಜ್ಜಿಯದು. ಹಣೆಯಗಲ ಕುಂಕುಮ, ದೊಡ್ಡ ಗಂಟಲು. ನಮ್ಮನ್ನು ಅದೇ ಮೊದಲು ನೋಡುತ್ತಿದ್ದದ್ದು. ಪರಿಚಯ ಮಾಡಿಕೊಡಬೇಕಾದ ಕಮಲಾ ಉಂಗುರದ ಡಬ್ಬಿ ಯಾರ ಬ್ಯಾಗಿನಲ್ಲಿ ಉಳಿಯಿತೆಂದು ಕಾರಿನ ಕಡೆ ಓಡಿದ್ದಳು. ಅಜ್ಜಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ನನ್ನ ಕೈಯ ತಟ್ಟೆ ತೆಗೆದು ಸುಮಕ್ಕನ ಕೈಗೆ ಕೊಟ್ಟಳು.

"ತಂಗಿ, ನೀ ಇದನ್ನ ಹಿಡಿ. ಬಾರವಾ ನೀ ಮುಂದ ಬಾ, ಹಿರೇರು ಮೊದಲ ತುಂಬಲಿ."

ಮುಂದೆ ಬಾ ಎಂದದ್ದು ನನಗೆ.

ನನ್ನ ಸಂಕಟ ನೋಡಿ. ಸುಮ್ಮನಿದ್ದರೆ ಐವತ್ತು ಹೆಂಗಸರ ನಡುವೆ ನಾನು ಮುದುಕಿ. ಇವರೇ ದೊಡ್ಡವರು ಎಂದು ಹೇಳಿದರೆ? "ಅಯ್ಯ, ಹೌದೇನ! ಕಾಣಂಗಿಲ್ಲಲ್ಲವಾ!" ಎಂದು ಅದೇ ಐವತ್ತು ಜನ ಸುಮಕ್ಕನ ಮುಖಕ್ಕೆ ದೃಷ್ಟಿ ತೆಗೆಯುತ್ತಾರೆ. ಹಿರಿತನವೂ ಅವರಿಗೇ, ಹೊಗಳಿಕೆಯೂ ಅವರಿಗೇ. ಯಾವ ಕಡೆಯಿಂದ ನೋಡಿದರೂ ಸೋತವಳು ನಾನು.

ಆದರೂ ಹೇಳಿದೆ. "ಅಜ್ಜಿ, ಹಿರೇರು ಅವರರಿ. ನಾ ಸಣ್ಣಾಕಿ."

ಅಜ್ಜಿ ಪಕಪಕ ನಕ್ಕಳು. "ಸಾಕ ಬಿಡವಾ! ಎಲ್ಲಾ ಹೆಂಗಸೂರೂ ಹಿಂಗ ಅಂತಾರ, ನಾ ಸಣ್ಣಾಕಿ, ನಾ ಸಣ್ಣಾಕಿ ಅಂತ. ನನ್ನ ಕಣ್ಣಿಗಿನ್ನಾ ಪೊರಿ ಬಂದಿಲ್ಲ!"

ಇಡೀ ಕೋಣೆ ನಕ್ಕಿತು. ಬಳೆಗಳೂ ನಕ್ಕವು.

ಅಜ್ಜಿ ಸುಮಕ್ಕನ ಕಡೆ ತಿರುಗಿದಳು. "ನೀನ ಹೇಳ ತಂಗಿ. ಯಾರು ದೊಡ್ಡಾಕಿ?"

ಒಂದೇ ಮಾತು ಸಾಕಿತ್ತು. 'ನಾ' ಅಂದರೆ ಮುಗಿಯಿತು, ತಟ್ಟೆ ನನಗೆ, ಜಾಗ ಅವರಿಗೆ. ಸುಮಕ್ಕನ ತುಟಿ ಅಲುಗಿತು. ಅಷ್ಟರಲ್ಲಿ ಗೋಡೆಗೊರಗಿ ಕುಳಿತಿದ್ದ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಪಿಸುಗುಟ್ಟಿದ್ದು ನಮ್ಮಿಬ್ಬರಿಗೂ ಕೇಳಿಸಿತು. "ಸಣ್ಣ ಸೊಸಿ ಎಷ್ಟ ಚಂದ ಅದಾಳ ನೋಡ."

ಸುಮಕ್ಕ ಸೆರಗು ಸರಿಮಾಡಿಕೊಂಡರು. ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಆಮೇಲೆ, ನನ್ನ ಕಣ್ಣು ತಪ್ಪಿಸಿ, ಮೆಲ್ಲಗೆ ಹೇಳಿದರು:

"ಅಕ್ಕಾ, ನೀವ ತುಂಬ್ರಿ."

ಅಕ್ಕಾ! ನಾನು ಸೊಸೆಯಾಗಿ ಬಂದ ದಿನದಿಂದ ಅವರಿಗೆ ಹೇಳುತ್ತ ಬಂದ ಮಾತು. ಅದನ್ನು ಎಲ್ಲರೆದುರು ನನಗೇ ವಾಪಸು ಕೊಟ್ಟುಬಿಟ್ಟರು, ಆ ಚೆಂದದ ಮುಖ ಉಳಿಸಿಕೊಳ್ಳಲು.

ತುಂಬಿದೆ. ಬೊಗಸೆಯಿಂದ ಅಕ್ಕಿ ಹುಡುಗಿಯ ಸೆರಗಿಗೆ ಜಾರಿತು. ಉತ್ತತ್ತಿ ಹಾಕಿದೆ. ಎಷ್ಟೋ ಸಲ ತಟ್ಟೆ ಹಿಡಿದು ನಿಂತು, ನಾನು ಯಾವಾಗ ಮೊದಲು ತುಂಬುವುದು ಎಂದು ಒಳಗೊಳಗೇ ಬಯಸಿದ್ದ ಜಾಗ ಅದು. ಸಿಕ್ಕಿತು. ಸಿಕ್ಕ ಹೊತ್ತಿಗೆ ನನಗೆ ಬೇಕಾದದ್ದು ಆ ಜಾಗವಾಗಿರಲಿಲ್ಲ. ತಟ್ಟೆ ಹಿಡಿದವರ ಕೆನ್ನೆಯಾಗಿತ್ತು. ಕುಂಕುಮದ ಬಟ್ಟಲು ತಟ್ಟೆಯ ಅಂಚಿಗೆ ತಾಗಿ ಕಟಕಟ ಅನ್ನುತ್ತಿತ್ತು. ಅದು ನನಗಷ್ಟೇ ಕೇಳಿಸಿತು ಅಂದುಕೊಂಡಿದ್ದೇನೆ.

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಭಾವನವರ ಗೊರಕೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಕಾರು ತೆವಳುತ್ತಿತ್ತು. ಗೋಕಾಕ ಹತ್ತಿರ ಬಂದಾಗ ಸುಮಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಮದವ್ಯಾಗ ಉಡಿ ನಾನ ತುಂಬಾಕಿ."

"ತುಂಬ್ರಿ ಅಕ್ಕಾರ. ಯಾರ ಬ್ಯಾಡ ಅಂತಾರ? ಆದ್ರ ಆ ಅಜ್ಜಿಗೆ ಏನ ಹೇಳಾವ್ರು?"

ಹೇಳುವುದಾದರೂ ಏನನ್ನು? ಅಂದು ಸುಳ್ಳು ಹೇಳಿದೆ ಎನ್ನಬೇಕು, ಇಲ್ಲವೇ ಪುಣೆಯ ಕಥೆ ಬಿಚ್ಚಬೇಕು. ಮೂಡಲಗಿಯ ಬೀಗರ ಮನೆಯಲ್ಲಿ ಸುಮಕ್ಕ ಇನ್ನು ಮುಂದೆ ಸಣ್ಣ ಸೊಸೆ. ಮದುವೆಗೆ, ಕುಬಸಕ್ಕೆ, ಮಗುವಿನ ಹೆಸರಿಡುವ ದಿನಕ್ಕೆ, ತಟ್ಟೆ ಅವರದೇ. ಕಣ್ಣ ಕೆಳಗಿನ ಚೀಲದ ಜತೆ ಹಿರಿತನವೂ ಹೋಗುತ್ತದೆ ಎಂದು ಆ ಡಾಕ್ಟರು ಹೇಳಿರಲಿಕ್ಕಿಲ್ಲ. ಅವರಿಗೇನು ಗೊತ್ತು ನಮ್ಮ ಕಡೆಯ ರೂಢಿ?

ನಮ್ಮ ಹೆಂಗಸರ ಹಣೆಬರಹವೇ ಇಷ್ಟು. ಮೊದಲ ಮರ್ಯಾದೆ ಸಿಗುವುದು ವಯಸ್ಸಿಗೆ. ಆದರೆ ಆ ವಯಸ್ಸು ಮುಖದ ಮೇಲೆ ಕಾಣಬಾರದು. ಹಿರಿಯಳೆಂದು ಕರೆಯಲಿ, ಹಿರಿಯಳೆಂದು ಗುರುತಿಸದಿರಲಿ! ಹಾಗಾದರೆ ಆ ಅಜ್ಜಿಯದೇನು ತಪ್ಪು?

ಸೋಮವಾರ ಬೆಳಿಗ್ಗೆ ರೊಟ್ಟಿ ಹಂಚಿನ ಮೇಲಿತ್ತು. ಸುಮಕ್ಕನ ಫೋನು.

"ಗೀತಾ, ನೀನೂ ಮಾಡಿಸಿಬಿಡ."

"ಏನ್ರಿ?"

"ಕಣ್ಣಂದು. ಗಲ್ಲದ್ದೂ. ಇಬ್ಬರ ಮಾರೀನೂ ಒಂದ ನಮೂನಿ ಆತಂದ್ರ, ಮದವ್ಯಾಗ ನೋಡಿದವರಿಗೆ ತಾನ ತಿಳಿತೈತಿ ದೊಡ್ಡಾಕಿ ಯಾರು ಅಂತ. ಎಲ್ಲಾ ಮೊದಲಿನಂಗ ಆಕ್ಕೈತಿ. ಪುಣೆಕ್ಕ ನಾನ ಕರಕೊಂಡ ಹೊಕ್ಕೇನಿ. ಮಗಳ ಮನ್ಯಾಗ ಇರೂಣು."

ರೊಟ್ಟಿ ಸೀದುಹೋಯಿತು.

ನಾನು ತಿಂಗಳುಗಟ್ಟಲೆ ಹೊಟ್ಟೆಕಿಚ್ಚುಪಟ್ಟ ಮುಖವನ್ನು ಅವರಾಗಿಯೇ ಕೊಡುತ್ತಿದ್ದಾರೆ. ಬದಲಿಗೆ ಒಂದೇ ಷರತ್ತು. ನಾನು ಮತ್ತೆ ತಟ್ಟೆ ಹಿಡಿಯಬೇಕು. ಮಂಗಳವಾರವೂ ಫೋನ್ ಬಂತು. ಬುಧವಾರ ಅವರ ಮಗಳದೇ ಬಂತು: "ಕಾಕು, ಏನೂ ನೋವ ಆಗೂದಿಲ್ರಿ. ಬರ್ರಿ."

ಇಂಥ ಹೊತ್ತಿನಲ್ಲಿ ವಯಸ್ಸಾಗುವುದರ ಸೊಬಗಿನ ಬಗ್ಗೆ, ಒಳಗಿನ ಚೆಲುವಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಅಂಕಣ ಮುಗಿಸಬೇಕು ಎಂಬುದು ನನಗೂ ಗೊತ್ತು. ನೀವೂ ಅದನ್ನೇ ಕಾಯುತ್ತಿರಬಹುದು. ಬರೆಯಲೆಂದೇ ಕುಳಿತಿದ್ದೆ.

ಸದ್ಯಕ್ಕೆ, ಊತ ಮದುವೆಯೊಳಗೆ ಇಳಿಯುತ್ತದೆಯೇ ಎಂದು ಮಾತ್ರ ಸುಮಕ್ಕನ ಮಗಳಿಗೆ ಮೆಸೇಜ್ ಹಾಕಿದ್ದೇನೆ. ಕೇಳಿದರೆ ತಪ್ಪೇನು, ಹೇಳಿ?