ಮೊರದೊಳಗಿನ ಗುಡುಗು

ಹೊಟ್ಟೆಯೊಳಗೆ ಏನೋ ಉರುಳಿದಂತೆ ಮೆಲ್ಲಗೆ ಶುರುವಾಗಿ, ಘಡಘಡ ಘಡಘಡ ಎಂದು ಬೆಳೆದು, ಇನ್ನೇನು ನಿಂತಿತು ಎನ್ನುವಾಗ ಮತ್ತೊಮ್ಮೆ ಘಡಲ್ ಎಂದು ಬೀಳುವ ಒಂದು ತಗಡಿನ ಸದ್ದು ಅರವತ್ತು ವರ್ಷಗಳಿಂದ ನನ್ನ ಕಿವಿಯಲ್ಲಿ ಬಾಡಿಗೆ ಕೊಡದೆ ವಾಸವಾಗಿದೆ. ಹೊಸೂರಿನ ನಮ್ಮ ಕಾನ್ವೆಂಟಿನ ಕೋಳಿಗೂಡಿನ ಮೇಲಿಂದ ಕಿತ್ತು ತಂದ ತಗಡು ಅದು. ಆನ್ಯುಯಲ್ ಡೇ ನಾಟಕದಲ್ಲಿ ಒಂದು ಸಂಜೆಯ ಮಟ್ಟಿಗೆ ಗುಡುಗಾಗುವ ಭಾಗ್ಯ ಅದಕ್ಕೆ ಒದಗಿತ್ತು. ನಾಟಕ ಬರೆದವರು ನಮ್ಮ ಇಂಗ್ಲಿಷ್ ಸಿಸ್ಟರ್. ಅದರಲ್ಲಿ ಒಂದು ಬಿರುಗಾಳಿ, ಒಬ್ಬಳು ಶ್ರೀಮಂತ ಮೇಡಂ, ಆಕೆಗೊಬ್ಬಳು ದಾಸಿ. ದಾಸಿ ನಾನು. ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಡೈಲಾಗು: "ಮೇಡಂ, ದ ಬ್ರಿಡ್ಜ್ ಈಸ್ ಗಾನ್." ಮೂರು ವಾರ ಅದನ್ನು ಬಚ್ಚಲುಮನೆಯಲ್ಲಿ, ಪ್ರೇಯರ್ ಹಾಲಿನಲ್ಲಿ, ಕೊನೆಗೆ ನಿದ್ದೆಯಲ್ಲೂ ಹೇಳಿಕೊಂಡಿದ್ದೆ.

ತೆರೆಯ ಹಿಂದೆ ತಗಡು ಅಲ್ಲಾಡಿಸುವ ಕೆಲಸ ನನ್ನ ಪಕ್ಕದ ಮಂಚದ ಬೋರ್ಡರ್ ರಾಜೇಶ್ವರಿಯದು. ಗುಮ್ಮಳಾಪುರದ ಬೇಸಾಯಗಾರರ ಮನೆಯ ಹುಡುಗಿ; ರಾಗಿಹೊಲದಲ್ಲಿ ಗಿಳಿ ಓಡಿಸಿ ಓಡಿಸಿ ತೋಳು ಗಟ್ಟಿಯಾಗಿತ್ತು. ಗುಡುಗು ಚೆನ್ನಾಗಿಯೇ ಬಂತು. ಬಂದದ್ದು ಹೋಗಲಿಲ್ಲ, ಅಷ್ಟೆ. ನಾನು ವೇದಿಕೆಯ ನಡುವೆ ನಿಂತು ಬಾಯಿ ತೆರೆದೆ, ಮುಚ್ಚಿದೆ. ಸೇತುವೆ ಮುರಿದ ಸುದ್ದಿ ಯಾರಿಗೂ ತಲುಪಲಿಲ್ಲ. ಸುದ್ದಿ ಕೇಳಿ ಮೂರ್ಛೆ ಹೋಗಬೇಕಾಗಿದ್ದ ಮೇಡಂ ದಿಕ್ಕು ತೋಚದೆ ಅದೇ ಸೇತುವೆಯ ಕಡೆಗೆ ನಡೆದುಬಿಟ್ಟಳು. ಯಾಕೆ ನಿಲ್ಲಿಸಲಿಲ್ಲವೆಂದು ಆಮೇಲೆ ನಾನು ಅತ್ತುಕೊಂಡು ಕೇಳಿದರೆ, ರಾಜಿ ಒಂಚೂರೂ ನಾಚದೆ ಹೇಳಿದಳು: "ಸಂದಾಗಿತ್ತು ಕಣೆ. ಕೈ ಬಿಡಕ್ಕೆ ಮನಸ್ ಬರ್ನಿಲ್ಲ."

ಓದುಗ ಮಿತ್ರರೇ, ಇಷ್ಟು ಹಳೆಯ ತಗಡನ್ನು ಈಗ ಯಾಕೆ ಬಡಿಯುತ್ತಿದ್ದೀರಿ ಎಂದು ನೀವು ಕೇಳಬಹುದು. ಕಾರಣ ನನ್ನ ತಮ್ಮ ಗೋಪಾಲ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ನಿವೃತ್ತಿಯಾದದ್ದು ಅವನೇ ಹೊರತು ಅವನೊಳಗಿನ ಇನ್‌ಸ್ಪೆಕ್ಟರ್ ಅಲ್ಲ. ಈಗ ಕೆಲಮಂಗಲದಲ್ಲಿ ನನ್ನ ಗಂಡನ ಮನೆಯಲ್ಲಿ ನನ್ನ ಜೊತೆಗಿದ್ದುಕೊಂಡು ಇಡ್ಲಿಯ ದಪ್ಪವನ್ನೂ ಕಣ್ಣಲ್ಲೇ ಅಳೆದು ಮುಖ ಸಿಂಡರಿಸುತ್ತಾನೆ. ಈ ಮಹಾನುಭಾವನ ಹೊಸ ಹುಚ್ಚು ಚಪ್ಪಟೆ ಸ್ಪೀಕರು. ಅದಕ್ಕೆ ಡಬ್ಬಿಯಿಲ್ಲ, ಕಾಗದದ ಬಾಯಿಯಿಲ್ಲ. ಎಕ್ಸೈಟರ್ ಎಂಬ ಅಂಗೈಯಗಲದ ಒಂದು ಬಿಲ್ಲೆಯನ್ನು ಯಾವುದಾದರೂ ಹಲಗೆಯ ಬೆನ್ನಿಗೆ ಅಂಟಿಸಿದರೆ ಸಾಕು, ಆ ಹಲಗೆಯೇ ಮೈಯೆಲ್ಲ ನಡುಗಿ ಹಾಡುತ್ತದೆ. 'ಗರ್ಲ್ಸ್, ಡೋಂಟ್ ಗೆಟ್ ಎಕ್ಸೈಟೆಡ್' ಎಂದು ಸಿಸ್ಟರ ಕೈಲಿ ದಿನಕ್ಕೆ ಹತ್ತು ಸಲ ಹೇಳಿಸಿಕೊಂಡು ಬೆಳೆದ ನನಗೆ, ಎಕ್ಸೈಟ್ ಆಗುವುದನ್ನೇ ಕಸುಬು ಮಾಡಿಕೊಂಡ ಈ ವಸ್ತುವಿನ ಮೇಲೆ ಕಂಡ ಕೂಡಲೇ ಮಮತೆ ಹುಟ್ಟಿತು.

ಮಮತೆಗೆ ಇನ್ನೊಂದು ಕಾರಣವೂ ಇತ್ತು, ಅದು ರಾಜಿ. ಗಂಡನಿಲ್ಲ, ಮಕ್ಕಳಿಲ್ಲ, ನಲವತ್ತು ವರ್ಷಗಳಿಂದ ಪ್ರತಿ ಶನಿವಾರ ಗುಮ್ಮಳಾಪುರದಿಂದ ಕೆಲಮಂಗಲಕ್ಕೆ ಬಂದು ರಾಮಮಂದಿರದ ಭಜನೆಗೆ ಮುಂದಾಳಾಗಿದ್ದವಳು. ತಾಳ ಅವಳದು, ಎತ್ತುಗಡೆ ಅವಳದು, ನಾವೆಲ್ಲ ಅವಳ ಹಿಂದೆ ಕುರಿಗಳಂತೆ. ಕಳೆದ ಮಳೆಗಾಲದ ಹೊತ್ತಿಗೆ ಅವಳ ಕಿವಿಗಳು ಒಂದಾದ ಮೇಲೊಂದು ಅಂಗಡಿ ಮುಚ್ಚಿದವು. ಡಾಕ್ಟರು ಕೊಟ್ಟ ಮೆಷೀನು ಅವಳಿಗೆ ಮಿಕ್ಸಿಯ ಸದ್ದನ್ನೂ ಸೋದರಳಿಯನ ಹೆಂಡತಿಯ ಗೊಣಗಾಟವನ್ನೂ ಮಾತ್ರ ಧಾರಾಳವಾಗಿ ತಲುಪಿಸುತ್ತಿದ್ದುದರಿಂದ, ಅದನ್ನು ರಾಗಿಡ್ರಮ್ಮಿನಲ್ಲಿ ಹೂತುಬಿಟ್ಟಳು. ಒಂದು ಶನಿವಾರ ನಾವು ಮಂಗಳ ಹಾಡಿ, ಆರತಿ ಎತ್ತಿ, ಪ್ರಸಾದಕ್ಕೆ ಕೈ ಒಡ್ಡಿದ ಮೇಲೂ ಅವಳು ಕಣ್ಣು ಮುಚ್ಚಿಕೊಂಡು ಮೂರನೆಯ ನುಡಿ ಹಾಡುತ್ತಲೇ ಇದ್ದಳು. ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ಅವಳಿಗೆ ಕೇಳಿಸಲಿಲ್ಲ; ಕಣ್ಣು ಬಿಟ್ಟಾಗ ಕಾಣಿಸಿತು. ಅವತ್ತು ಸಂಜೆ ತಾಳವನ್ನು ಹಳೆಯ ರವಿಕೆಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಮಡಿಕ್ಕ ಕಮ್ಲಾ. ವೈಕುಂಠ ಏಕಾದಶಿಗೆ ಬೇರೆ ಯಾರ್‌ನಾದ್ರೂ ನೋಡ್ಕಳ್ಳಿ" ಎಂದಳು. ನಾನು ತಾಳವನ್ನು ಬೀರುವಿನಲ್ಲಿಟ್ಟೆ. ಬೀರು ತೆರೆದಾಗಲೆಲ್ಲ ಆ ಗಂಟು ನನ್ನನ್ನೇ ನೋಡುತ್ತಿತ್ತು.

ಮಂದಿರದವರು ಆಳೆತ್ತರದ ಎರಡು ಸ್ಪೀಕರ್ ಡಬ್ಬಿ ತಂದು ನಿಲ್ಲಿಸಿದರು. ಮುಂದೆ ಕೂತವರ ಎದೆ ಒಡೆಯುವಂತೆ, ಹಿಂದೆ ಕೂತವರಿಗೆ ಏನೂ ಮುಟ್ಟದಂತೆ ಅವು ಅರಚಿದವೇ ಹೊರತು ರಾಜಿಯ ಕಿವಿಗೆ ಎಟುಕಲಿಲ್ಲ. ಚಪ್ಪಟೆ ಹಲಗೆಯಿಂದ ಸದ್ದು ಬೆಳದಿಂಗಳ ಹಾಗೆ ಕೋಣೆಯ ತುಂಬ ಒಂದೇ ಸಮನಾಗಿ ಹರಡುತ್ತದೆ ಅಕ್ಕ, ಎಂದು ಗೋಪಿ ಹೇಳಿದಾಗ ನಾನು ಸ್ವಾರ್ಥದಿಂದಲೇ ಅವನ ಅಸಿಸ್ಟೆಂಟ್ ಆದೆ. ಏಕಾದಶಿಗೆ ಎರಡು ತಿಂಗಳಿತ್ತು.

ಹಲಗೆ ಹಗುರವಾಗಿಯೂ ಇರಬೇಕು, ಬಿಗಿಯಾಗಿಯೂ ಇರಬೇಕು ಎಂಬುದು ಗೋಪಿಯ ಮೂಲಮಂತ್ರ. ಕೇಳಲು ಸುಲಭ. ಆದರೆ ಯೋಚಿಸಿ ನೋಡಿ, ಈ ಪ್ರಪಂಚದಲ್ಲಿ ಹಗುರಾದದ್ದೆಲ್ಲ ಬಳುಕುತ್ತದೆ, ಬಿಗಿಯಾದದ್ದೆಲ್ಲ ಭಾರವಾಗಿರುತ್ತದೆ. ಮನುಷ್ಯರಲ್ಲೂ ಎರಡೂ ಕೂಡಿದವರನ್ನು ನಾನು ಬೆರಳಲ್ಲಿ ಎಣಿಸುವಷ್ಟು ಕಂಡಿದ್ದೇನೆ. ಮೊದಲು ಟೀವಿಯ ಜೊತೆ ಬಂದ ಥರ್ಮಾಕೋಲು. ಫ್ಯಾಕ್ಟರಿಯ ಅಭ್ಯಾಸದಂತೆ ಗೋಪಿ ಅದಕ್ಕೆ ಡಬ್ಬಿಗಟ್ಟಲೆ ರಬ್ಬರ್ ಗೋಂದು ಬಳಿದು ಬಿಲ್ಲೆಯನ್ನು ಒತ್ತಿದ. ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯಂತೆ ಥರ್ಮಾಕೋಲು ಕರಗಿ, ಬಿಲ್ಲೆ ಆಚೆ ಕಡೆಯಿಂದ ಇಳಿದು ಮೇಜಿಗೇ ಅಂಟಿಕೊಂಡಿತು. ಆ ದಿನವಿಡೀ ನಮ್ಮ ಊಟದ ಮೇಜು ವಾರ್ತೆ ಓದಿತು. ನಿಜ ಹೇಳಬೇಕೆಂದರೆ ಕೆಟ್ಟದಾಗಿ ಓದಲಿಲ್ಲ. ಆಮೇಲೆ ಗುಲಾಬಿ ಕಳಿಸುವ ರಟ್ಟಿನ ಪೆಟ್ಟಿಗೆ. ನಮ್ಮ ಕಡೆ ಹಸಿರುಮನೆಗಳಿಗೇನು ಬರ, ರಟ್ಟು ಬೇಕಾದಷ್ಟು. ಧ್ವನಿ ಇಂಪಾಗಿಯೇ ಇತ್ತು, ಮೋಡ ಕವಿದು ಹವೆ ತಣ್ಣಗಾಗುವವರೆಗೆ. ಅದರ ಮೇಲೆ ಗಾಯಕನಿಗೆ ನೆಗಡಿಯಾಯಿತು. ಪ್ಲೈವುಡ್ಡು ಎಲ್ಲ ಹಾಡನ್ನೂ ಬಾವಿಯೊಳಗಿಂದ ಹಾಡಿತು. ಬಸ್‌ಸ್ಟ್ಯಾಂಡಿನ ಬಳಿ ಬಿದ್ದಿದ್ದ ಯಾರದೋ ಮಗುವಿನ ಕಿವಿ ಚುಚ್ಚುವ ಫಂಕ್ಷನ್ನಿನ ಫ್ಲೆಕ್ಸನ್ನು ಚೌಕಟ್ಟಿಗೆ ಬಿಗಿದೆವು. ಸದ್ದು ಹೆಸರಿಗೆ ತಕ್ಕಂತೆ ಕಿವಿಯನ್ನೇ ಚುಚ್ಚಿತು.

ಗಾಜನ್ನೂ ಪರೀಕ್ಷಿಸಬೇಕೆಂದು ನಮ್ಮ ಮಾವನವರ ಫೋಟೋದ ಬೆನ್ನಿಗೆ ಬಿಲ್ಲೆ ಕೂರಿಸಿದ್ದು ಮಾತ್ರ ನನಗೆ ತಿಳಿಯದೆ ನಡೆದ ಕೃತ್ಯ. ಬದುಕಿದ್ದಷ್ಟು ಕಾಲ ಮನೆಯಲ್ಲಿ ಸಿನಿಮಾದ ಮಾತೆತ್ತಲು ಬಿಡದ ಹಿರಿಯರು, ರುಮಾಲು ಸುತ್ತಿ ಗಂಧದ ಹಾರ ಹಾಕಿಕೊಂಡು, ತೆಳ್ಳನೆಯ ಹೆಣ್ಣುಧ್ವನಿಯಲ್ಲಿ ತಮಿಳು ಡ್ಯುಯೆಟ್ ಹಾಡುವುದನ್ನು ನಾನು ಕಾಫಿ ಲೋಟ ಹಿಡಿದು ಬಂದವಳು ಕಂಡೆ. ಲೋಟ ಉಳಿಯಲಿಲ್ಲ.

ಒಂದೊಂದು ಹಲಗೆಯನ್ನೂ ಫೋನಿನ ಗ್ರಾಫಿನಲ್ಲಿ ಅಳೆದು, ಗೋಪಿ ಕೆಂಪು ಪೇಂಟಿನಿಂದ ಇಂಗ್ಲಿಷಿನಲ್ಲಿ 'ರಿಜೆಕ್ಟ್' ಎಂದು ಬರೆದು ಜಗಲಿಗೆ ಒರಗಿಸುತ್ತಿದ್ದ. ಎಷ್ಟು ಅಂಟಿಸಿದರೂ ಬಿಲ್ಲೆಯನ್ನು ಹಲಗೆಯ ನಟ್ಟನಡುವೆಯೇ ಅಂಟಿಸುತ್ತಿದ್ದೆವು. ಹಣೆಯ ಕುಂಕುಮದಿಂದ ಹಿಡಿದು ಬಾಗಿಲ ಮುಂದಿನ ರಂಗೋಲಿಯವರೆಗೆ ಏನನ್ನಿಟ್ಟರೂ ನಡುವೆಯೇ ಇಟ್ಟು ಅಭ್ಯಾಸವಾದ ಮನೆತನ ನಮ್ಮದು, ಬೇರೆ ಕಡೆ ಇಡಲು ಕೈಯೇ ಬರುತ್ತಿರಲಿಲ್ಲ. ಏಕಾದಶಿಗೆ ಹತ್ತು ದಿನ ಉಳಿಯಿತು. ಹಲಗೆ ಯಾವುದಾದರೇನು, ಕೋಣೆಯ ತುಂಬ ಹರಡಿದ ಬೆಳದಿಂಗಳು ಮುಚ್ಚಿದ ಕಿಟಕಿಯೊಳಗೆ ಬಾರದು ಎಂಬ ಸಣ್ಣ ಸತ್ಯ ನನಗೆ ಅಷ್ಟು ಹೊತ್ತಿಗೆ ಹೊಳೆದಿತ್ತು; ಗೋಪಿಗೆ ಹೇಳಲು ಧೈರ್ಯವಿರಲಿಲ್ಲ.

ಆ ಸೋಮವಾರ ರಾಜಿ ಮನೆಗೆ ಬಂದಳು. ಜಗಲಿಯ ರಿಜೆಕ್ಟುಗಳ ಸಾಲನ್ನು ನೋಡಿ, "ಏನ್ಲಾ ಗೋಪಾಲ, ಎಲೆಕ್ಷನ್ನಾಗೆ ನಿಂತಿದೀಯಾ" ಎಂದು ಒಳಗೆ ಬಂದು, ಸುಮ್ಮನೆ ಕೂರಲಾರದ ಹೆಂಗಸಾದ್ದರಿಂದ, ನಮ್ಮ ಹಳೆಯ ಮೊರವನ್ನು ಮಂಡಿಯ ಮೇಲಿಟ್ಟುಕೊಂಡು ಅಕ್ಕಿ ಆರಿಸತೊಡಗಿದಳು. ಮಂದಿರದ ಶನಿವಾರದ ಪೊಂಗಲಿಗೆ ಮನೆಗೊಂದು ಹಿಡಿಯಂತೆ ಬರುವ ಅಕ್ಕಿ ಅದು. ಭಜನೆ ಹಾಡುತ್ತಲೇ ಅದರ ಕಲ್ಲು ಆರಿಸುವುದು ನಮ್ಮಲ್ಲಿ ಹಳೆಯ ರೂಢಿ. ಮೊರವೋ ನಮ್ಮ ಅತ್ತೆಯ ಕಾಲದ್ದು. ನೆನೆಸಿದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ರುಬ್ಬಿ ವರ್ಷ ವರ್ಷ ಬಳಿದು, ಬಿದಿರಿನ ಸಂದುಗಳೆಲ್ಲ ಮುಚ್ಚಿ, ತಟ್ಟಿದರೆ ತಮಟೆಯಂತೆ ಟಣ್ ಎನ್ನುತ್ತಿತ್ತು. ಗೋಪಿ ಹೊಸದೊಂದು ಹಲಗೆಯನ್ನು ಉಜ್ಜುತ್ತಾ, ಹಾಡುತ್ತಲೇ ಇದ್ದ ಬಿಲ್ಲೆಯನ್ನು "ಒಂದ್ನಿಮಿಷ ಹಿಡ್ಕ ಅಕ್ಕ" ಎಂದು ಅವಳ ಕೈಗೆ ಕೊಟ್ಟ. ಅವಳಿಗೆ ಅಕ್ಕಿಯ ಮೇಲೆ ಗಮನ. ಬಿಲ್ಲೆಯನ್ನು ಮೊರದ ಒಂದು ಮೂಲೆಗೆ, ಯಾವ ನಡುವನ್ನೂ ಲೆಕ್ಕಿಸದೆ, ಲೋಟ ಇಟ್ಟಂತೆ ಇಟ್ಟುಬಿಟ್ಟಳು.

ಅಕ್ಕಿ ಎದ್ದು ಕುಣಿಯಿತು.

ಒಂದು ಸ್ವರಕ್ಕೆ ಕಾಳುಗಳೆಲ್ಲ ಓಡಿ ಗೆರೆಗಳಾಗಿ ನಿಲ್ಲುವುದು, ಸ್ವರ ಬದಲಾದರೆ ಗೆರೆ ಮುರಿದು ಬಳೆಯಾಗುವುದು, ಮೃದಂಗದ ಪೆಟ್ಟಿಗೆ ಎಲ್ಲವೂ ಒಟ್ಟಿಗೆ ಹಾರುವುದು. ಕಾನ್ವೆಂಟಿನ ಸೈನ್ಸ್ ರೂಮಿನಲ್ಲಿ ಹಿತ್ತಾಳೆಯ ತಟ್ಟೆಯ ಮೇಲೆ ಮರಳು ಹರಡಿ ಸಿಸ್ಟರು ಇದನ್ನೇ ತೋರಿಸಿದ್ದರು. ನಾವಿಬ್ಬರೂ ಆಗ ಹಿಂದಿನ ಬೆಂಚಿನಲ್ಲಿ ಹುಣಸೆಹಣ್ಣು ತಿನ್ನುತ್ತಿದ್ದೆವು. ರಾಜಿ ಎರಡು ಅಂಗೈಯನ್ನೂ ಮೊರದ ಅಂಚಿಗೆ ಒತ್ತಿ, ಮೊಳಕಾಲು ಅಲುಗಿಸದೆ, ತುಂಬ ಹೊತ್ತು ಹಾಗೆಯೇ ಕೂತಳು. ಆಮೇಲೆ ತಲೆಯೆತ್ತಿ, "ಕಮ್ಲಾ, ಇದು ಆದಿತಾಳ" ಎಂದಳು. ಹೌದೆಂದು ನಾನು ತಲೆಯಾಡಿಸಿದೆ. "ಸುತಿ ಕೈಗೆ ಸಿಕ್ತೈತೆ ಕಣೆ" ಎಂದು, ಸರಿಯಾದ ಶ್ರುತಿಯಲ್ಲಿ, ಸರಿಯಾದ ಎತ್ತುಗಡೆಗೆ, ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದು ಹಾಡಿದಳು. ನಾನು ಎದ್ದುಹೋಗಿ ಬೀರುವಿನಿಂದ ಗಂಟನ್ನು ತಂದು ಅವಳ ಪಕ್ಕದಲ್ಲಿಟ್ಟೆ. ಅವಳು ಹಾಡುತ್ತಲೇ ಹಲ್ಲಿನಿಂದ ಗಂಟು ಬಿಚ್ಚಿದಳು.

ಗೋಪಿ ಮಾತ್ರ ಸೋಲೊಪ್ಪಲಿಲ್ಲ. ಮೊರವನ್ನೂ ಗ್ರಾಫಿಗೆ ಹಿಡಿದ. ಅದು ನಮ್ಮ ಕಡೆಯ ರಸ್ತೆಗಳಂತೆ ಏರುತ್ತಾ ಬೀಳುತ್ತಾ ಇತ್ತಂತೆ. ಬಿಲ್ಲೆಯನ್ನು ಮೂಲೆಯಲ್ಲೇ ಭದ್ರವಾಗಿ ಅಂಟಿಸಿಕೊಟ್ಟನಾದರೂ, ನಿಯಮವೆಂದರೆ ನಿಯಮ, ಬೆನ್ನ ಮೇಲೆ ದೊಡ್ಡ ಕೆಂಪಕ್ಷರದಲ್ಲಿ 'ರಿಜೆಕ್ಟ್' ಎಂದು ಬರೆದೇ ಬಿಟ್ಟ. ಏನು ಬರೆದಿದ್ದಾನೆಂದು ಓದಿ ರಾಜಿ ನಕ್ಕಳು. "ಇರ್ಲಿ ಬುಡು. ನಾನೂವೆ ಅದೇ ಬ್ಯಾಚು."

ವೈಕುಂಠ ಏಕಾದಶಿಯ ದಿನ ಮಂದಿರದಲ್ಲಿ ಮೊರ ಹಿಡಿದು ಕೂತ ಹೆಂಗಸನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ರೂಢಿಯಂತೆ ಅಕ್ಕಿ ಆರಿಸುತ್ತಾ ಹಾಡುತ್ತಾಳೆ ಎಂದುಕೊಂಡರು. ಹಾರ್ಮೋನಿಯಮ್ಮಿನ ಮೈಕಿನಿಂದ ಒಂದು ವೈರು ಅವಳ ಸೆರಗಿನಡಿಗೆ ಹೋಗಿದ್ದು ನಮ್ಮ ಮೂವರಿಗೇ ಗೊತ್ತು. ಮಂಗಳದಲ್ಲಿ ಅವಳು ತಾಳಕ್ಕೆ ಸರಿಯಾಗಿ ಎಲ್ಲರಿಗಿಂತ ಮೊದಲು ಹಾಡು ನಿಲ್ಲಿಸಿದಳು, ಹಿಂದೊಮ್ಮೆ ನಕ್ಕವರು ಇನ್ನೂ ಎಳೆಯುತ್ತಿದ್ದರು. ಮೊರದಿಂದ ಹುಲಿಯನ್ನು ಅಟ್ಟಿದ ತಮಿಳು ಹೆಂಗಸಿನ ಕಥೆಯನ್ನು ತಮಿಳುನಾಡಿಗೆ ಸೇರಿದ ನಮ್ಮೂರ ಮಕ್ಕಳೆಲ್ಲ ಸ್ಕೂಲಿನಲ್ಲಿ ಓದುತ್ತಾರೆ. ನಾನು ಅಂಥವಳನ್ನು ಕಣ್ಣಾರೆ ಕಂಡೆ.

ಹಗುರವೂ ಬಿಗಿಯೂ ಕೂಡಿದ ವಸ್ತುವಿಗಾಗಿ ಹೊಸೂರಿನ ಗೋಡೌನುಗಳನ್ನೆಲ್ಲ ಜಾಲಾಡಿದ ನಾವು, ಅಡುಗೆಮನೆಯ ಮೊಳೆಗೆ ನೇತುಬಿದ್ದಿದ್ದುದನ್ನು ದಿನಕ್ಕೆರಡು ಸಲ ಸವರಿಕೊಂಡು ಓಡಾಡುತ್ತಿದ್ದೆವು. ಇದರಿಂದ ಏನಾದರೊಂದು ನೀತಿ ಹಿಂಡಬಹುದು, ಕಾನ್ವೆಂಟಿನಲ್ಲಿ ಕಲಿತವರಿಗೆ ಅದು ಕಷ್ಟವಲ್ಲ. ಆದರೆ ನನಗೆ ನೀತಿಗಿಂತ ಆ ಅಕ್ಕಿಯೇ ಹೆಚ್ಚು ನೆನಪಾಗುತ್ತದೆ. ಕೇಳುವುದೆಂದರೆ ಕಿವಿಯ ಕೆಲಸವೆಂದು ನಂಬಿ ಎಪ್ಪತ್ತೈದು ವರ್ಷ ಬದುಕಿದೆ. ಗೆಳತಿಯೊಬ್ಬಳು ಅಂಗೈಯಲ್ಲಿ ಕೇಳಿದಳು, ಮಂಡಿಯಲ್ಲಿ ಕೇಳಿದಳು.

ಆರು ಶನಿವಾರ ಹಾಗೆ ಹಾಡಿದಳು. ಏಳನೆಯದಕ್ಕೆ ಎರಡು ದಿನ ಇರುವಾಗ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವಳು ಮತ್ತೆ ಏಳಲಿಲ್ಲವೆಂದು ಗುಮ್ಮಳಾಪುರದಿಂದ ಫೋನು ಬಂತು. ಮೊರ ಈಗ ಮತ್ತೆ ನಮ್ಮ ಅಡುಗೆಮನೆಯ ಮೊಳೆಯ ಮೇಲಿದೆ. ಆ ಅಕ್ಷರಗಳನ್ನು ಅಳಿಸಿಬಿಡುತ್ತೇನೆಂದು ಗೋಪಿ ಸೀಮೆಎಣ್ಣೆಯ ಬಟ್ಟೆ ಹಿಡಿದು ಎರಡು ಸಲ ಬಂದ. ಎರಡು ಸಲವೂ ನಾನು ಬೇಡವೆಂದೆ.

ಆದರೆ ನಾನು ಹೇಳಬೇಕೆಂದಿದ್ದುದು ಆರನೆಯ ಶನಿವಾರದ ಸಂಜೆಯ ಮಾತು. ಭಜನೆ ಮುಗಿದು, ಸೋದರಳಿಯನ ಟೆಂಪೋದ ಮುಂದಿನ ಸೀಟಿನಲ್ಲಿ ರಾಜಿ ಕೂತಿದ್ದಳು. ಮಡಿಲಲ್ಲಿ ಮೊರ, ಅದರಲ್ಲಿ ಆರಿಸಲು ಉಳಿದ ಎರಡು ಹಿಡಿ ಅಕ್ಕಿ, ಪಕ್ಕದಲ್ಲಿ ಬ್ಯಾಟರಿಯ ಚೀಲ. ವೈರಿನ ರಗಳೆ ಬೇಡವೆಂದು ಗೋಪಿ ಆಮೇಲೆ ತಂದಿದ್ದ ವೈರಿಲ್ಲದ ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು, ಸ್ವಿಚ್ ಆಫ್ ಮಾಡಿರಲಿಲ್ಲ. ಏನನ್ನಿಸಿತೋ, ಬೀದಿಯಲ್ಲಿ ನೆಟ್ಟಗೆ ನಿಂತು, ಸಿಸ್ಟರು ಹೇಳಿಕೊಟ್ಟ ಹಾಗೆ ಗದ್ದ ಮೇಲೆತ್ತಿ, ಮೈಕಿಗೆ ಹೇಳಿದೆ: "ಮೇಡಂ, ದ ಬ್ರಿಡ್ಜ್ ಈಸ್ ಗಾನ್." ಮೊರದ ಅಕ್ಕಿ ಸಣ್ಣಗೆ ನಾಲ್ಕೈದು ಸಲ ಹಾರಿತು. ರಾಜಿ ಅದನ್ನೇ ನೋಡಿದಳು, ಅಂಗೈಯನ್ನು ನೋಡಿದಳು, ನನ್ನ ಬಾಯನ್ನು ನೋಡಿದಳು. ಅವಳ ಮುಖದಲ್ಲಿ ಅರವತ್ತು ವರ್ಷ ಮೆಲ್ಲಗೆ ಹಿಂದಕ್ಕೆ ಸರಿದದ್ದನ್ನು ನಾನು ಕಂಡೆ. ಟೆಂಪೋ ಹೊರಟಿತು. ಅವಳು ಎರಡು ಕೈಯಲ್ಲೂ ಮೊರವನ್ನೆತ್ತಿ, ಕೆಂಪಕ್ಷರದ ಬೆನ್ನು ಕಿಟಕಿಯಿಂದ ಕಾಣುವಂತೆ ಹಿಡಿದು, ಅಕ್ಕಿಯೆಲ್ಲ ಸೋದರಳಿಯನ ತಲೆಯ ಮೇಲೆ ಚೆಲ್ಲುವುದನ್ನೂ ಲೆಕ್ಕಿಸದೆ ಘಡಘಡ ಅಲ್ಲಾಡಿಸಿದಳು. ದೇನ್ಕನಿಕೋಟೆ ರಸ್ತೆಯ ತಿರುವು ಬರುವವರೆಗೂ ಅಲ್ಲಾಡಿಸುತ್ತಲೇ ಇದ್ದಳು, ನಿಲ್ಲಿಸಲಿಲ್ಲ.