ಉಪ್ಪಿನಲ್ಲಿಟ್ಟ ಚೂರು

ಅವ್ವನ ಕೆನ್ನೆಯೊಳಗಿನ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ನಾರಾಯಣಪೇಟೆಯ ಡಾಕ್ಟರು ಆ ಸಂದಿಯಲ್ಲೇ ಕತ್ತರಿ ತೂರಿಸಿ, ಕಡಲೆಬೇಳೆಯಷ್ಟು ಚೂರು ತೆಗೆದು, ಅದು ಕೆಡದಂತೆ ಕಾಯುವ ಘಾಟಿನ ಫಾರ್ಮಾಲಿನ್ ತುಂಬಿದ ಸೀಸೆಗೆ ಹಾಕಿದರು. ರೋಗದ ಹೆಸರು ತಿಳಿಯದೆ ಚಿಕಿತ್ಸೆ ಇಲ್ಲ ಎಂದರು. ಅವ್ವ ನೋವಿನಲ್ಲೇ ಖಡಾಖಂಡಿತವಾಗಿ ಹೇಳಿದ್ದಳಂತೆ: "ಬೀರಪ್ಪನ ಆಣಿ, ಇನ್ನೊಮ್ಮಿ ನನ್ನ ಬಾಯಿಗಿ ಕತ್ತರಿ ಹಚ್ಚಾಕ ಬಿಡಲ್ಲ."

ಆ ರೋಗದ ಹೆಸರು ಹೇಳಬೇಕಾದದ್ದು ಗದ್ವಾಲದ ನಮ್ಮ ಲ್ಯಾಬು. ನಾನು ಅಲ್ಲಿ ಟೆಕ್ನಿಷಿಯನ್. ಬಂದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ ಬಣ್ಣ ಹಾಕುತ್ತೇನೆ. ಕೋಶಕೇಂದ್ರ ನೀಲಿ, ಉಳಿದದ್ದು ಗುಲಾಬಿ. ಶಾಲೆಯಲ್ಲಿ 'ಅನುಲೇಪಕ ಅಂಗಾಂಶ' ಎಂದು ಗಟ್ಟು ಹೊಡೆದದ್ದು ಬರೀ ಮಾರ್ಕ್ಸಿಗಾಗಿ. ಈಗ ಅದು ಅವ್ವನ ಕೆನ್ನೆಯ ಒಳಹೊದಿಕೆ. ಅದರ ಕೋಶಗಳು ಹೊದಿಕೆಯಡಿಯ ಗೆರೆ ದಾಟಿ ಕೆಳಗಿನ ಸಂಯೋಜಕ ಅಂಗಾಂಶಕ್ಕೆ ನುಗ್ಗಿದ್ದರೆ ಕ್ಯಾನ್ಸರ್, ನುಗ್ಗದಿದ್ದರೆ ಅವ್ವ ಬದುಕಿದಳು.

ನನಗೆ ರಜೆ ಸಿಗದೆ ಸೀಸೆಯನ್ನು ಅಪ್ಪನೇ ತಂದ. ಮುಚ್ಚಳ ಮುಟ್ಟಬೇಡ ಎಂದು ಫೋನಿನಲ್ಲಿ ಬಡಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವನು ಕಂಬಳಿಯೊಳಗಿಂದ ಅದನ್ನು ತೆಗೆದು ಕೊಟ್ಟ. ಒಳಗೆ ಬಾಯಿತನಕ ಕಲ್ಲುಪ್ಪು.

"ಬಸ್ಸಿನಾಗ ಸೀಸೆ ಸೋರಾಕ ಹತ್ತಿತು. ಎಲ್ಲಾರ ಕಣ್ಣಾಗ ನೀರು. ಕಂಡಕ್ಟರ್ ಬೈದು ಮಕ್ತಲ್‌ನಾಗ ಇಳಿಸಿಬಿಟ್ಟ. ಆ ಘಾಟು ನೀರು ಚೆಲ್ಲಿ, ಹೋಟೆಲಿನಾಗ ಉಪ್ಪು ಇಸ್ಕೊಂಡು ತುಂಬೀನಿ. ಒಂಚೂರೂ ಕೆಟ್ಟಿಲ್ಲ ನೋಡು," ಎಂದ.

ಅವನು ಜೀವಮಾನವೆಲ್ಲ ಕುರಿ ಕಾಯ್ದವನು. ಕುರಿಯ ತೊಗಲು ಕೆಡದಂತೆ ಉಪ್ಪು ಸವರಿಡುವುದು ಅವನಿಗೆ ಗೊತ್ತಿದ್ದ ವಿದ್ಯೆ. ಮುಖದಲ್ಲಿ ಎಂಥ ಹೆಮ್ಮೆ! ಸಿಟ್ಟು ನೆತ್ತಿಗೇರಿ ಬೈಯಲು ಬಾಯಿ ತೆರೆದವಳು, ಅವನ ಕೈ ನೋಡಿ ಸೀಸೆ ಹಿಡಿದು ಒಳಗೆ ನಡೆದೆ. ಫಾರ್ಮಾಲಿನ್ ತಾಕಿ ಬೆರಳ ತುದಿಗಳು ಬಿಳಚಿಕೊಂಡಿದ್ದವು.

ಆದರೂ ಕೈ ಚೆಲ್ಲಲಿಲ್ಲ. ಚೂರನ್ನು ತೊಳೆದೆ, ಹೊಸ ಫಾರ್ಮಾಲಿನ್‌ನಲ್ಲಿ ನೆನೆಸಿದೆ, ಮೇಣಕ್ಕೆ ಕೂರಿಸಿದೆ. ಬ್ಲೇಡಿಗೆ ಅದು ಪುಡಿಪುಡಿಯಾಗಿ ಬಂತು. ಒಂದೇ ಒಂದು ಪದರ ನೆಟ್ಟಗೆ ಬರಲಿ ದೇವರೇ ಎಂದು ಬೇಡಿಕೊಳ್ಳುತ್ತಲೇ ಕೊಯ್ದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಉಪ್ಪು ನೀರು ಹೀರಿ ಕೋಶಗಳೆಲ್ಲ ಮುದುಡಿ, ನೀಲಿ ಗುಲಾಬಿ ಕಲೆಸಿಹೋಗಿದ್ದವು. ನಾನು ಹುಡುಕುತ್ತಿದ್ದ ಗೆರೆಯೇ ಇರಲಿಲ್ಲ. ಲ್ಯಾಬಿನ ಡಾಕ್ಟರೂ ಬಹಳ ಹೊತ್ತು ನೋಡಿದರು.

"ಏನೂ ಹೇಳಾಕ ಬರಲ್ಲಮ್ಮ. ಮತ್ತೊಮ್ಮೆ ಚೂರು ತೆಗೀಬೇಕು," ಎಂದರು.

ಎಲ್ಲಿಂದ ತೆಗೆಯುವುದು? ಕತ್ತರಿಯ ಗಾಯ ಬಾತು ಅವ್ವನ ಬಾಯಿಗೆ ಈಗ ಗಂಜಿಯ ಚಮಚವೂ ಹೋಗುತ್ತಿರಲಿಲ್ಲ. ನಾನು ಕಲಿತದ್ದೆಲ್ಲ ನನ್ನ ಹೆತ್ತವಳ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಪ್ಪ ಕಾಯುತ್ತಿದ್ದ. "ಸರಿಯಾಗಿ ಕಾಣಲಿಲ್ಲಪ್ಪಾ," ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಅವನು ಕಂಬಳಿಯ ತುದಿಯಿಂದ ನನ್ನ ಕಣ್ಣೊರೆಸಿದ. ಆಮೇಲೆ ಮೆಲ್ಲಗೆ ಕೇಳಿದ:

"ಉಪ್ಪು ಕಡಿಮಿ ಆತೇನು, ಮಗಳ?"