ಒರೆಸದೆ ಬಿಟ್ಟ ಗುರುತು

ದೃಷ್ಟಿ, ಶಕುನ ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ, ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಬೂಕನಕೆರೆಯಲ್ಲಿ ನಡೆದದ್ದು ನೆನಪಾದರೆ ಗೇಲಿ ಮಾಡುವುದನ್ನು ಬಿಟ್ಟುಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ನಾನಾಗ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕ. ನಮ್ಮ ಜನ ನೋವು ಎಲ್ಲಿದ್ದರೂ ಹೊಟ್ಟೆನೋವು ಅಂದುಬಿಟ್ಟು ಹರಳೆಣ್ಣೆ ಕುಡಿಸುತ್ತಾರೆ. ಅಪೆಂಡಿಕ್ಸ್ ಊದಿದ್ದರೆ ಆ ಹರಳೆಣ್ಣೆಯೇ ಪ್ರಾಣ ತೆಗೆದೀತು. ಅದಕ್ಕೇ ಹಳ್ಳಿಗಳಿಗೆ ಹೋಗಿ ಮೈಯ ಭಾಗಗಳನ್ನು ಸರಿಯಾಗಿ ಹೆಸರಿಸಲು ಕಲಿಸುತ್ತಿದ್ದೆ: ಮೇಲ್ಹೊಟ್ಟೆ, ಕಿಬ್ಬೊಟ್ಟೆ, ಪಕ್ಕೆ. ಎಡ ಬಲ ಅಂದರೆ ಯಾವಾಗಲೂ ರೋಗಿಯ ಎಡ ಬಲ, ಎದುರು ನಿಂತ ನಮ್ಮದಲ್ಲ ಎಂದು ಒತ್ತಿ ಒತ್ತಿ ಹೇಳುತ್ತಿದ್ದೆ.

ಅಂದು ಮಧ್ಯಾಹ್ನ ಬೂಕನಕೆರೆ ಶಾಲೆಯ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ಗೋಡೆಗೆ ತೂಗುಹಾಕುವ ಚಿತ್ರಪಟ ತರುವುದನ್ನೇ ಮರೆತಿದ್ದೆ. ನನ್ನನ್ನು ನಮ್ಮೂರು ಚಿನಕುರಳಿಗೆ ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದ ತಮ್ಮ ಶಿವಣ್ಣನನ್ನು ಎದುರು ನಿಲ್ಲಿಸಿ, ಅಂಗಿ ಎತ್ತಿಸಿ, ಬಲ ಕಿಬ್ಬೊಟ್ಟೆ, ಅಪೆಂಡಿಕ್ಸ್ ಇರುವ ಜಾಗವೆಂದು ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆದೆ. "ಕಚಗುಳಿ ಆಯ್ತದೆ ಕಣಣ್ಣ, ಬೇಗ ಬುಡು" ಎಂದು ಅವನು ನುಲಿದ. ಎಲ್ಲರೂ ನಕ್ಕರು.

ಸೂಲಗಿತ್ತಿ ಕೆಂಪಮ್ಮ ಮಾತ್ರ ನಗಲಿಲ್ಲ. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಮೈಮೇಲೆ ತೋರಿಸಬಾರದು, ಕೈತಪ್ಪಿ ತೋರಿಸಿದರೆ ಆ ಜಾಗವನ್ನು ಒರೆಸಿಬಿಡಬೇಕು ಎಂಬುದು ನಮ್ಮ ಕಡೆಯ ರೂಢಿ. "ಒರುಸ್ಬುಡಪ್ಪ. ಗುರ್ತಾಕಿ ಕರುದ್ರೆ ಬರ್ದೆ ಇದ್ದದಾ?" ಎಂದಳು.

"ಬಂದ್ರೆ ದಾರಿ ತಪ್ಪದೆ ಬರ್ಲಿ ಬುಡಮ್ಮ" ಎಂದೆ. ನನ್ನ ತಮಾಷೆಗೆ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಪಾಠ ಮುಗಿಸಿ ಹೊರಬಂದರೆ ಶಿವಣ್ಣ ಜಗಲಿಯ ಕಂಬಕ್ಕೆ ಒರಗಿ ಬೆವರುತ್ತಿದ್ದ. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದ. ಯಾರದೋ ಜೀಪಿನಲ್ಲಿ ಹಾಕಿಕೊಂಡು ಕೆ.ಆರ್. ಪೇಟೆಗೆ ಓಡಿದೆವು. ಅಲ್ಲಿನ ಡಾಕ್ಟರು ಬಲಗಡೆ ಕಿಬ್ಬೊಟ್ಟೆ ಅದುಮಿದರು. ಅವನು ಮಿಸುಕಲಿಲ್ಲ. ಸೀಮೆಸುಣ್ಣದ ಸುತ್ತಿನೊಳಗೆ ಬೆರಳಿಟ್ಟರು, ಕಿರುಚಿಕೊಂಡ. ಆಗ ನೋಡಿದೆ. ಸುತ್ತು ಇದ್ದದ್ದು ಅವನ ಎಡಗಡೆ. ಊರಿಗೆಲ್ಲ ಬುದ್ಧಿ ಹೇಳುವ ನಾನು, ನನ್ನ ಬಲವನ್ನೇ ಎದುರು ನಿಂತವನ ಬಲವೆಂದುಕೊಂಡು ತಪ್ಪು ಕಡೆ ಗುರುತು ಹಾಕಿದ್ದೆ. ನೋವು ನನ್ನ ತಪ್ಪನ್ನೇ ನಂಬಿಕೊಂಡು ಅಲ್ಲಿಗೇ ಬಂದಿತ್ತು.

"ಇದ್ಯಾರು ಗುರುತು ಹಾಕಿದ್ದು?" ಎಂದು ಡಾಕ್ಟರು ಕೇಳಿದರು. ನಾನೇ ಎನ್ನಲು ನಾಚಿಕೆಯಾಗಿ, "ಅಪೆಂಡಿಕ್ಸೇ ಸಾರ್" ಎಂದೆ.

"ಎಡಗಡೆ ಅಪೆಂಡಿಕ್ಸಾ? ಪಾಠ ಹೇಳೋ ನೀವೇ ಹಿಂಗಂದ್ರೆ ಹೆಂಗ್ರಿ?" ಎಂದರು. ವಾಯು ಇರಬೇಕು, ನೋಡೋಣ ಎಂದು ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಬೆಂಚಿನ ಮೇಲೆ ತಮ್ಮ ನನ್ನ ಕೈ ಹಿಡಿದು, "ಅಣ್ಣಾ, ಒರುಸ್ಬುಡು" ಎಂದು ಗೋಗರೆದ. ಟವೆಲು ನೆನೆಸಿ ಒರೆಸಿದೆ. ಗುರುತು ಹೋಯಿತು, ನೋವು ಹೋಗಲಿಲ್ಲ. ಜ್ವರ ಏರುತ್ತಲೇ ಇತ್ತು. ಅಷ್ಟು ಅಸಹಾಯಕನಾಗಿ ನಾನು ಎಂದೂ ಅತ್ತಿರಲಿಲ್ಲ.

ಕತ್ತಲಾಗುವ ಮೊದಲು ಮೈಸೂರಿಗೆ ಸಾಗಿಸಿದೆವು, ಬೆಳಿಗ್ಗೆ ಹೊಟ್ಟೆ ಕೊಯ್ದರು. ಒಡೆದಿದ್ದದ್ದು ಅಪೆಂಡಿಕ್ಸೇ, ಇದ್ದದ್ದು ಎಡಗಡೆಯೇ. ಸಾವಿರಾರು ಜನರಲ್ಲಿ ಯಾರೋ ಒಬ್ಬರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ ಎಂದು ಅಲ್ಲಿನ ಡಾಕ್ಟರು ಸಮಾಧಾನ ಹೇಳಿದರು. ತಲೆಯಾಡಿಸಿದೆ. ಆದರೆ ಎರಡು ವರ್ಷದ ಹಿಂದೆ ಶಿವಣ್ಣನಿಗೆ ಇದೇ ನೋವು ಬಂದಾಗ ಪಾಂಡವಪುರದ ಡಾಕ್ಟರು ಅಪೆಂಡಿಕ್ಸ್ ಎಂದೇ ಮಾತ್ರೆ ಕೊಟ್ಟಿದ್ದರು. ಅಂದು ಅವನ ಹೊಟ್ಟೆ ಅದುಮಿ ನೋಡಿದವರಲ್ಲಿ ನಾನೂ ಒಬ್ಬ. ಅವನು ಆಗ ಕಿರುಚಿದ್ದು ಬಲಗಡೆ ಅದುಮಿದಾಗ.

ತಮ್ಮ ಬದುಕಿದ. ಈಗಲೂ ಸ್ನಾನಕ್ಕೆ ಅಂಗಿ ಬಿಚ್ಚಿದರೆ ಎಡಗಡೆಯ ಹೊಲಿಗೆಯ ಗೆರೆ ಕಾಣುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ. ಆಪರೇಷನ್ ಎಲ್ಲಿ ಆಗಿದ್ದು ಎಂದು ಯಾರಾದರೂ ಕೇಳಿದರೆ ಬಾಯಲ್ಲಷ್ಟೇ ಹೇಳುತ್ತೇನೆ. ಆಗ ನನ್ನ ಎರಡೂ ಕೈ ಜೇಬಿನಲ್ಲಿರುತ್ತವೆ.